ಬಂಡೆಯ ತೊಟ್ಟಿಗೆ ಹಾಕಿದ ಬೀಗ

ತೊಟ್ಟಿಯ ಬೀಗದ ಕೈ ನನ್ನ ಚೀಲದಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಬೇರೆ ಯಾರನ್ನಾದರೂ ದೂರಬೇಕೆಂಬ ಆಸೆ ನನಗೆ ಹಲವು ಸಲ ಬಂದಿದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗ್ರಾಮಸೇವಿಕೆ. ಯಲಹಂಕದಿಂದ ಸಿಂಗಾಪುರ, ಶೆಟ್ಟಿಹಳ್ಳಿಗಳ ಕಡೆಗೆ ಸೈಕಲ್ ತುಳಿದುಕೊಂಡು ಹೋಗುವ ಹೆಂಗಸು ಆ ಹಾದಿಯಲ್ಲಿ ನಾನೊಬ್ಬಳೇ ಆದ್ದರಿಂದ ಎಮ್ಮೆ ಕಾಯುವವರೂ ನಿಂತು ನೋಡುತ್ತಿದ್ದರು. ಆ ಭಾಗದ ಒಂದು ಊರಿನ ಹಿಂದೆ, ಆನೆ ಮಲಗಿದಂತಿದ್ದ ಹಾಸುಬಂಡೆಯ ಮಗ್ಗುಲಲ್ಲಿ, ಕಲ್ಲು ಒಡೆಯುವವರ ಹದಿನೆಂಟು ಮನೆಗಳ ಹಟ್ಟಿ ಇತ್ತು. ಊರಿನ ಹೆಸರು ಬೇಡ. ಈಗ ಅಲ್ಲಿರುವವರಿಗೆ ಇದರಲ್ಲಿ ಪಾಲಿಲ್ಲ.

ಹಟ್ಟಿಗೆ ಬಾವಿ ಇರಲಿಲ್ಲ. ಬಂಡೆಯಲ್ಲಿ ಬಾವಿ ತೋಡುವವರು ಯಾರು? ಅರ್ಧ ಮೈಲಿ ದೂರದ ಊರಬಾವಿಗೆ ಹೆಂಗಸರು ಬೆಳಿಗ್ಗೆಯೇ ಹೋಗಿ, ಕಟ್ಟೆಯಿಂದ ಆಚೆಗೆ ಕೊಡಗಳನ್ನು ಸಾಲಾಗಿ ಇಟ್ಟು ದೂರ ನಿಲ್ಲಬೇಕಿತ್ತು. ಊರಿನವರು ಯಾರಾದರೂ ಬಂದು, ಅವರ ಮನೆಯ ಕೊಡ ತುಂಬಿದ ಮೇಲೆ, ಮನಸ್ಸಾದರೆ ಸೇದಿ ಹುಯ್ಯುತ್ತಿದ್ದರು. ಹಗ್ಗ ಮುಟ್ಟುವಂತಿರಲಿಲ್ಲ. ಹಾಗೆ ತಡೆಯುವುದು ಅಪರಾಧವೆಂದು ಕಾನೂನು ಬಂದಿತ್ತು. ಅದರ ಅಚ್ಚಾದ ಪ್ರತಿಯೂ ನನ್ನ ಚೀಲದಲ್ಲಿತ್ತು. ನಾನು ಅದನ್ನು ಬಾವಿಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಎಲ್ಲರೂ ಗೌರವದಿಂದ ಕೇಳಿದರು. ಮರುದಿನ ಕೊಡಗಳು ಅದೇ ಸಾಲಿನಲ್ಲಿದ್ದವು.

ತೊಟ್ಟಿಯ ಯೋಚನೆ ನನ್ನದಲ್ಲ. ಆ ಹಟ್ಟಿಯಲ್ಲಿ ಎರಡನೆಯ ಮಹಾಯುದ್ಧಕ್ಕೆ ಹೋಗಿ ಬಂದ ಒಬ್ಬರಿದ್ದರು. ಎಲ್ಲರೂ ಅವರನ್ನು ಮಿಲ್ಟ್ರಿಯಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಕಲ್ಲು ಒಡೆಯುವ ಕೈ ಎಂದು ಸೈನ್ಯದವರು ಅವರನ್ನು ನೀರಿನ ತುಕಡಿಗೆ ಹಾಕಿ ಆಫ್ರಿಕದ ಮರಳುಗಾಡಿಗೆ ಕಳಿಸಿದ್ದರಂತೆ. ಅಲ್ಲಿ ಯಾವುದೋ ಕಾಲದ ಜನ ಬಂಡೆಯಲ್ಲಿ ಕೊರೆದ ತೊಟ್ಟಿಗಳಿದ್ದವು. ವರ್ಷಕ್ಕೆ ನಾಲ್ಕು ಹನಿ ಬಿದ್ದರೂ ಸುತ್ತಲಿನ ಇಳಿಜಾರು ಅದನ್ನು ಒಂದೇ ಬಾಯಿಗೆ ತಂದು ಹಾಕುವಂತೆ ಕಟ್ಟಿದ್ದರು. ಆ ತೊಟ್ಟಿಗಳ ಹೂಳು ತೆಗೆದು, ಬಿರುಕು ಮುಚ್ಚಿ, ಕಾವಲು ಕೂರುವುದು ಇವರ ಕೆಲಸ.

"ಒಂದ್ ಆಳಿಗೆ ದಿನಕ್ಕೆ ಒಂದ್ ಬಾಟ್ಲಿ ನೀರು ಅಮ್ಮಾವ್ರೆ. ಕುಡಿಯಾಕೂ ಅದೇ, ಮುಖಕ್ಕೂ ಅದೇ. ಅಂತಾ ಕಡೇನೇ ಜನ ಬದುಕವ್ರೆ. ನಮ್ ಬಂಡೆ ಮ್ಯಾಲೆ ಬೀಳೋ ಮಳೆ ಅವ್ರು ಕಂಡಿದ್ರೆ ಕುಣೀತಿದ್ರು," ಎಂದರು ಒಂದು ದಿನ.

ಅವರ ಹೆಂಡತಿ ಜಲ್ಲಿ ಒಡೆಯುತ್ತ ಅಲ್ಲೇ ಕುಳಿತಿದ್ದರು. "ಮದ್ವೆಯಾದಾಗಿಂದ ಇದೇ ಕತೆ ಅಕ್ಕಯ್ಯ. ನನ್ ಗಂಡ ಯುದ್ಧಕ್ಕೋಗಿ ಬಂದೂಕ ಮುಟ್ನಿಲ್ಲ, ಬರೀ ಕೆಸ್ರು ಎತ್ತವ್ನೆ," ಎಂದು ನಕ್ಕರು. ನಕ್ಕು ಮುಗಿಯುವ ಮೊದಲೇ ಕೆಮ್ಮು ಬಂತು. ಕಲ್ಲಿನ ಧೂಳು ಅವರ ಎದೆಯೊಳಗೆ ಎಷ್ಟು ಕೂತಿತ್ತೋ, ಒಮ್ಮೆ ಶುರುವಾದರೆ ಸುತ್ತಿಗೆ ಕೆಳಗಿಟ್ಟು ಕಾಯಬೇಕಿತ್ತು.

ಬಂಡೆಯ ನೆತ್ತಿಯಿಂದ ಸ್ವಲ್ಪ ಕೆಳಗೆ ಒಂದು ದೊಣೆ ಇತ್ತು, ಅಂದರೆ ಮಳೆನೀರು ನಿಲ್ಲುವ ತಾನಾಗಿಯೇ ಆದ ತಗ್ಗು. ಅದನ್ನೇ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಏಳು ಅಡಿ ಆಳಕ್ಕೆ ಹಿಗ್ಗಿಸುವುದೆಂದು ಲೆಕ್ಕ ಹಾಕಿದೆವು. ತುಂಬಿದರೆ ಯುಗಾದಿಯಿಂದ ಮುಂಗಾರಿನವರೆಗೆ, ಊರಬಾವಿಯವರು ತಮಗೇ ಸಾಲದೆಂದು ಮುಖ ತಿರುಗಿಸುವ ಎರಡು ತಿಂಗಳು, ಮನೆಗೆ ದಿನಕ್ಕೆ ಮೂರು ಕೊಡದಂತೆ ಬರುತ್ತಿತ್ತು. ಯಾರ ಕೈಯನ್ನೂ ಕಾಯದ ನೀರು. ಹಟ್ಟಿಯ ಹೆಂಗಸರಿಗೆ ಬೇಕಿದ್ದದ್ದು ಅಷ್ಟೇ, ಮತ್ತು ಅಷ್ಟನ್ನು ನಾನು ಕೊಡಿಸಬಲ್ಲೆ ಎಂದು ನನಗೆ ಬಹಳ ಜಂಬವಿತ್ತು. ಬ್ಲಾಕ್ ಆಫೀಸಿನಿಂದ ಸುಣ್ಣ, ಇಟ್ಟಿಗೆ ಪುಡಿ ಕೊಡಿಸಿದೆ. ಆಳಿನ ಕೆಲಸ ಹಟ್ಟಿಯವರದು.

ಯುಗಾದಿ ಕಳೆದ ಮೇಲೆ ಶುರುಮಾಡಿದೆವು. ಕೂಲಿ ಮುಗಿಸಿ ಬಂದು ಗಂಡಸರು ಹೊತ್ತು ಮುಳುಗುವವರೆಗೆ ಉಳಿ ಹಿಡಿಯುತ್ತಿದ್ದರು. ದಿನಕ್ಕೆ ಬೆರಳಗಲ ಇಳಿಯುತ್ತಿತ್ತು. ಬಂಡೆ ಗಟ್ಟಿ ಕರಿಕಲ್ಲು, ಉಳಿಯ ಮೊನೆ ಮಡಚಿಕೊಳ್ಳುತ್ತಿತ್ತು. ಹೆಂಗಸರು ಬಂಡೆಯ ಮೈ ಗುಡಿಸಿ, ಹಾವಸೆ ಕೆರೆದು, ಎರಡು ತೋಳು ಚಾಚಿದಂತೆ ಕಲ್ಲು ಮತ್ತು ಗಾರೆಯ ಗಿಡ್ಡ ಕಟ್ಟೆ ಕಟ್ಟಿದರು. ಎಲ್ಲಿ ಬಿದ್ದ ಹನಿಯೂ ಆ ಕಟ್ಟೆಗಳ ಗುಂಟ ಹರಿದು ಮೊದಲು ಒಂದು ಹೂಳುಗುಂಡಿಗೆ, ಅಲ್ಲಿ ಜಲ್ಲಿ, ಮರಳು, ಇದ್ದಿಲುಗಳನ್ನು ದಾಟಿ ತೊಟ್ಟಿಗೆ ಬೀಳಬೇಕು. ಹೂಳುಗುಂಡಿಯ ಪಕ್ಕದಲ್ಲಿ ಒಂದು ತೂಬು. ಮೊದಲ ಎರಡು ಮಳೆಯ ನೀರನ್ನು ಅಲ್ಲಿಂದ ಹೊರಗೆ ಬಿಟ್ಟುಬಿಡಬೇಕೆಂದು ಮಿಲ್ಟ್ರಿಯಣ್ಣ ಹಟ ಹಿಡಿದರು. ಹಕ್ಕಿ ಹಿಕ್ಕೆ, ಧೂಳು ಎಲ್ಲ ಅದರಲ್ಲೇ ಹೋಗುತ್ತದೆ ಎಂಬುದು ಅವರು ಕಲಿತು ಬಂದ ಪಾಠ.

ಇನ್ನೂ ಎರಡು ಅಡಿ ಆಳ ಬಾಕಿ ಇರುವಾಗ ಮೋಡ ಕಟ್ಟತೊಡಗಿತು. ಕೆಲಸ ನಿಂತರೆ ಆ ವರ್ಷದ ಮಳೆ ಹೋದಂತೆ. ಹಟ್ಟಿಯ ಹಿರಿಯರು ತಮಗೆ ಚೆನ್ನಾಗಿ ಗೊತ್ತಿದ್ದ ದಾರಿ ಹೇಳಿದರು. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸಿ, ಕಾವು ಒಂದೇ ಸಮ ಸರಿಸುತ್ತ ಹೋದರೆ ಮೇಲಿನ ಪದರ ರೊಟ್ಟಿ ಉಬ್ಬಿದಂತೆ ತಳದಿಂದ ಬಿಡಿಸಿಕೊಳ್ಳುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳ ಚಪ್ಪಡಿಗಳು ಹಾಗೆ ಎದ್ದು ಬಂದವು. ಆ ವಿದ್ಯೆ ಅವರ ಅಭಿಮಾನ.

ಮಿಲ್ಟ್ರಿಯಣ್ಣನಿಗೆ ಅದು ಒಪ್ಪಿಗೆಯಿರಲಿಲ್ಲ. "ಚಪ್ಪಡಿಗೆ ಸರಿ. ಇದು ನೀರ್ ನಿಲ್ಸೋ ಕಲ್ಲು. ಉಳೀಲೇ ಓಗಣ," ಎಂದರು.

"ಉಳಿಯಲ್ಲಿ ಹೋದರೆ ಶ್ರಾವಣ ಬರುತ್ತೆ," ಎಂದೆ ನಾನು. "ಬೆಂಕಿ ಹಾಕಿ."

ನಾಲ್ಕೇ ದಿನದಲ್ಲಿ ಎರಡು ಅಡಿ ಎದ್ದಿತು. ಗುಂಡಿಯ ತಳ ಕನ್ನಡಿಯಂತೆ ನುಣುಪಾಗಿತ್ತು. ಹಿರಿಯರ ಮುಖದಲ್ಲಿ ಗೆಲುವು, ನನ್ನ ಮುಖದಲ್ಲಿ ಅದಕ್ಕಿಂತ ಹೆಚ್ಚು.

ಗಾರೆ ಮಾಡುವ ಹಿಂದಿನ ದಿನ ಮಿಲ್ಟ್ರಿಯಣ್ಣನ ಹೆಂಡತಿ ಗುಂಡಿಗೆ ಇಳಿದರು. ಚಿಕ್ಕ ಸುತ್ತಿಗೆಯಿಂದ ಗೇಣಿಗೊಂದು ಪೆಟ್ಟು ಹಾಕುತ್ತ, ಕಿವಿಗೊಟ್ಟು ಕೇಳುತ್ತ ತಳದ ಉದ್ದಕ್ಕೂ ಬಂದರು. ಪೂರ್ವದ ಮೂಲೆಯಲ್ಲಿ ನಿಂತರು. ನನ್ನನ್ನು ಕರೆದು ಕೂರಿಸಿ, ಎರಡು ಕಡೆ ಬಡಿದು ತೋರಿಸಿದರು. ಒಂದು ಕಡೆ ಕಂಚಿನ ಸದ್ದು, ಇನ್ನೊಂದು ಕಡೆ ಸದ್ದು ಮುದುಡಿಕೊಂಡಂತಿತ್ತು.

"ಕೇಳುಸ್ತಾ ಅಕ್ಕಯ್ಯ? ಇಲ್ಲಿ ಕೆಳಗಿನ ಪದ್ರಾನೂ ಎದ್ಬುಟ್ಟೈತೆ. ಮ್ಯಾಲೆ ಕಾಣಾಕಿಲ್ಲ. ಒಳಗೆ ಟೊಳ್ಳು. ನೀರು ಅದ್ರೊಳಗೆ ನುಗ್ಗಿ ಎತ್ಲಾಗೋ ಓಯ್ತದೆ."

ನನಗೆ ಕೇಳಿಸಿತ್ತು. ಆದರೆ ಅದನ್ನು ಕಿತ್ತು ತೆಗೆಯಲು ಇನ್ನೂ ಹದಿನೈದು ದಿನ ಬೇಕು. ಮೇಲೆ ನೋಡಿದರೆ ಆಕಾಶ ಕಪ್ಪು. ಸುಣ್ಣ ನೆನೆಹಾಕಿಯಾಗಿತ್ತು. "ಗಾರೆ ಎರಡು ಕೈ ದಪ್ಪಗೆ ಹಾಕಿಸಿದರೆ ಆಯ್ತು ಬಿಡಿ," ಎಂದೆ. ಆಕೆ ಕೆಮ್ಮಣ್ಣು ಕಲಸಿ ತಂದು, ಟೊಳ್ಳಿದ್ದಷ್ಟು ಜಾಗದ ಸುತ್ತ ಒಂದು ಗೆರೆ ಎಳೆದು ಮೇಲೆ ಹತ್ತಿದರು. ಮರುದಿನ ಗೆರೆಯ ಮೇಲೇ ಗಾರೆ ಬಿತ್ತು. ಸುಣ್ಣ, ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ, ಎಲ್ಲವನ್ನೂ ಅರೆದು ಬೆಣ್ಣೆಯಂತೆ ಮಾಡಿ, ನದಿಯ ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟರು. ಅದನ್ನು ಮುಟ್ಟಿ ನೋಡಿ ನಾನು ಎಲ್ಲ ಮರೆತೆ.

ಹಸ್ತ ಮಳೆಗೆ ಅರ್ಧವಾಯಿತು, ಚಿತ್ತೆ ಮಳೆಗೆ ತುಂಬಿತು. ಮೇಲೆ ಚಪ್ಪಡಿ ಹೊದಿಸಿ ಸಂದುಗಳಿಗೆ ಗಾರೆ ತುಂಬಿದೆವು. ಒಂದು ಕಡೆ ಮಾತ್ರ ಬಕೇಟು ಇಳಿಯುವಷ್ಟು ಚೌಕದ ಬಾಯಿ, ಅದಕ್ಕೆ ಹಲಗೆಯ ಮುಚ್ಚಳ, ಬೀಗ. ಮಿಲ್ಟ್ರಿಯಣ್ಣ ಹಟ್ಟಿಯವರನ್ನೆಲ್ಲ ಕೂರಿಸಿ ಕಟ್ಟು ಮಾಡಿದರು. ಯುಗಾದಿಯವರೆಗೆ ಯಾರೂ ತೆಗೆಯಬಾರದು. ಅಷ್ಟು ದಿನ ಊರಬಾವಿಯಲ್ಲೇ ಹೇಗಾದರೂ ಕಳೆಯಬೇಕು. ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ, ಬೀಗದ ಕೈ ನನಗೆ ಕೊಟ್ಟರು. "ನಮ್ತಾವ ಇದ್ರೆ ನಾವೇ ಸೋಲ್ತೀವಿ. ನಿಮ್ಮತ್ರ ಇರ್ಲಿ."

ವಾರಕ್ಕೊಮ್ಮೆ ಬಿದಿರಿನ ಗಳ ಇಳಿಸಿ ನೀರಿನ ಮಟ್ಟ ನೋಡಬೇಕೆಂದು ಬ್ಲಾಕ್ ಆಫೀಸಿನ ಓವರ್ಸಿಯರು ನನಗೆ ಹೇಳಿದ್ದರು. ಮಿಲ್ಟ್ರಿಯಣ್ಣನಿಗೆ ಹೇಳಿದೆ. "ನೋಡಿದ್ರೆ ಬಾಯಾರ್ತದೆ ಅಮ್ಮಾವ್ರೆ. ಅಲ್ಲಿ ನಮ್ಗೆ ತೊಟ್ಟಿ ಕಡೆ ನೋಡಾಕೇ ಬಿಡ್ತಿರ್ನಿಲ್ಲ," ಎಂದರು. ಅದು ನನಗೆ ದೊಡ್ಡ ಮಾತಾಗಿ ಕಂಡಿತು. ಗಳ ಇಳಿಸಲಿಲ್ಲ. ಅನುಭವಸ್ಥರ ಮಾತು ಎಲ್ಲಿ ಬೇಕೋ ಅಲ್ಲಿ ತಳ್ಳಿಹಾಕಿ, ಎಲ್ಲಿ ಬೇಡವೋ ಅಲ್ಲಿ ಕೇಳಿದವಳು ನಾನು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಹಟ್ಟಿ ತಲುಪಿದಾಗ ಸುತ್ತಿಗೆಯ ಸದ್ದೇ ಇರಲಿಲ್ಲ. ಮಿಲ್ಟ್ರಿಯಣ್ಣನ ಹೆಂಡತಿ ತೀರಿಕೊಂಡಿದ್ದರು. ಕೊನೆಯ ವಾರ ಆಕೆಗೆ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದರಂತೆ. ಹಾಗೆ ಕೂತಲ್ಲೇ ಹೋಗಿದ್ದರು.

ಮೈ ತೊಳೆಯಲು ನೀರಿರಲಿಲ್ಲ. ಇಬ್ಬರು ಹೆಂಗಸರು ಕೊಡ ಹಿಡಿದು ಊರಬಾವಿಗೆ ಹೋಗಿ ಬರಿ ಕೊಡದಲ್ಲೇ ವಾಪಸಾದರು. ಹೆಣದ ಕೆಲಸಕ್ಕೆ ಈ ಬಾವಿಯ ನೀರು ಹುಯ್ಯುವುದಿಲ್ಲ, ಮಣ್ಣಾದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಊರ ಮುಂದಿನ ಕುಂಟೆಯಲ್ಲಿ ಉಳಿದಿದ್ದದ್ದು ದನ ತುಳಿದ ಕೆಸರು. ಹೆಂಗಸರು ನನ್ನ ಸುತ್ತ ಬಂದು ನಿಂತರು. ಎಲ್ಲರ ಕಣ್ಣು ನನ್ನ ಚೀಲದ ಮೇಲಿತ್ತು. ನಾನು ಬೀಗದ ಕೈ ತೆಗೆದುಕೊಂಡು ಬಂಡೆ ಹತ್ತಿದೆ.

ಮಿಲ್ಟ್ರಿಯಣ್ಣ ಹಿಂದೆಯೇ ಬಂದು ಮುಚ್ಚಳದ ಮುಂದೆ ನಿಂತರು. ಅವರ ಮುಖ ನೋಡಲು ನನಗಾಗಲಿಲ್ಲ.

"ಬ್ಯಾಡಿ ಅಮ್ಮಾವ್ರೆ. ಕಟ್ಟು ಮಾಡ್ದೋನು ನಾನು. ಇವತ್ತು ನನ್ ಮನೆಗೆ ತೆಗುದ್ರೆ ನಾಳೆ ಯಾರ್ ಮನೆಗೆ ಬ್ಯಾಡ ಅನ್ನಾನೆ?"

"ಇದು ಬೇರೆ ಮಾತು ಅಣ್ಣ. ಎರಡು ಕೊಡ. ಅಷ್ಟೇ."

"ಅಲ್ಲಿ ನಮ್ ಜೊತೆಗಾರ ಸತ್ತಾಗ ಒದ್ದೆ ಬಟ್ಟೇಲಿ ಮುಖ ಒರ್ಸಿ ಮಣ್ಣು ಮಾಡುದ್ವಿ. ಅವ್ನೇನ್ ಕೆಟ್ಟೋನಾಗಿದ್ನಾ? ಮೂರ್ ಹೆಣ್ಮಕ್ಳು ಬಸ್ರಿಯಾಗವ್ರೆ ಹಟ್ಟೀಲಿ. ಯುಗಾದಿಗೆ ಅವ್ರಿಗೆ ನೀರಿರ್ಲಿ. ಇವ್ಳೂ ಅದೇ ಅಂತಿದ್ಲು."

ತೆಗೆಯುವ ಅಧಿಕಾರ ನನಗಿತ್ತು. ಅವರನ್ನು ಪಕ್ಕಕ್ಕೆ ಸರಿಸಿ ಬೀಗ ತೆಗೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬಹುಶಃ ಅವರೂ ಅನ್ನುತ್ತಿರಲಿಲ್ಲ. ಕೊನೆಗೆ ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ಇಳಿದುಬಂದೆ. ಮನೆಯಲ್ಲಿ ಉಳಿದಿದ್ದ ಒಂದು ಚೊಂಬು ನೀರಿನಲ್ಲಿ ಸೀರೆಯ ತುಂಡು ಅದ್ದಿ ಆಕೆಯ ಮುಖ, ಕೈ, ಕಾಲು ಒರೆಸಿದರು. ಉಗುರಿನ ಸಂದಿನಲ್ಲಿ ಕೂತಿದ್ದ ಬಿಳಿ ಧೂಳು ಹೋಗಲಿಲ್ಲ. ಅದಕ್ಕೆ ನೀರು ಸಾಲಲಿಲ್ಲ.

ಬಂಡೆಯ ಪೂರ್ವದ ಬುಡದಲ್ಲಿ ಹಟ್ಟಿಯವರು ಮಣ್ಣು ಮಾಡುವ ಜಾಗ. ಪುಷ್ಯದಲ್ಲಿ ಆ ನೆಲಕ್ಕೆ ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಅಂದು ತೋಡಿದವರು, "ಪುಣ್ಯವಂತೆ, ಮಣ್ಣು ಮೆತ್ತಗೈತೆ," ಎಂದುಕೊಂಡರು. ನಾನೂ ಕೇಳಿಸಿಕೊಂಡೆ. ಅಷ್ಟು ತಿಳಿದವಳೆಂದುಕೊಂಡಿದ್ದ ನನಗೆ ಆಗಲಾದರೂ ಏನೂ ಹೊಳೆಯಲಿಲ್ಲ.

ಯುಗಾದಿಯ ಬೆಳಿಗ್ಗೆ ಹದಿನೆಂಟು ಮನೆಯ ಹೆಂಗಸರೂ ಹುಣಿಸೆಹಣ್ಣು ಹಾಕಿ ಬೆಳಗಿದ ಕೊಡಗಳನ್ನು ಹೊತ್ತು ಬಂಡೆ ಹತ್ತಿದರು. ಮುಚ್ಚಳಕ್ಕೆ ಅರಿಸಿನ ಕುಂಕುಮ ಇಟ್ಟರು. ನಾನು ಜೇಡಿಮಣ್ಣು ಕೆರೆದು ಬೀಗ ತೆಗೆದೆ. ಬಕೇಟು ಇಳಿಬಿಟ್ಟದ್ದು ತುಂಬು ಬಸುರಿಯೊಬ್ಬಳು, ಅವಳೇ ಮೊದಲು ಸೇದಬೇಕೆಂದು ಮಿಲ್ಟ್ರಿಯಣ್ಣ ಹೇಳಿದ್ದರು. ಹಗ್ಗ ಹೋಯಿತು, ಹೋಯಿತು, ಮತ್ತೆ ಕಲ್ಲಿಗೆ ತಗುಲಿದ ತಗಡಿನ ಸದ್ದು ಬಂತು.

ತಳದಲ್ಲಿ ಪಾದ ಮುಳುಗುವಷ್ಟು ಮಾತ್ರ ನೀರಿತ್ತು. ಎರಡು ದಿನಕ್ಕೆ ಮುಗಿಯಿತು. ಮೂರನೆಯ ಬೆಳಿಗ್ಗೆ ಕೊಡಗಳು ಊರಬಾವಿಯ ಕಟ್ಟೆಯಾಚೆ ಸಾಲಾಗಿ ಕೂತಿದ್ದವು. ಎಷ್ಟು ಹೊತ್ತಾದರೂ ಯಾರೂ ಸೇದಲು ಬರಲಿಲ್ಲ. ನಾನು ಹೋಗಿ ನಾನೇ ಹಗ್ಗ ಹಿಡಿದು ಸೇದಿ ಹುಯ್ದೆ. ನನ್ನನ್ನು ಯಾರೂ ತಡೆಯಲಿಲ್ಲ. ಅದು ನನಗೆ ಇನ್ನಷ್ಟು ನಾಚಿಕೆ ತಂದಿತು.

ನೀರು ಹೋದದ್ದು ಎಲ್ಲಿಗೆಂದು ಹುಡುಕುತ್ತ ಬಂಡೆಯ ಸುತ್ತ ನಡೆದೆ. ಪೂರ್ವದ ಬುಡದಲ್ಲಿ, ಪದರ ನೆಲಕ್ಕೆ ಸೇರುವ ಕಡೆ, ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಇತ್ತು. ಅಲ್ಲಿಂದ ಕೆಳಗೆ ಒಂದು ಮಾರು ಅಗಲಕ್ಕೆ ಗರಿಕೆ. ಸುತ್ತಲಿನ ಹುಲ್ಲೆಲ್ಲ ಸುಟ್ಟ ಬಣ್ಣಕ್ಕೆ ತಿರುಗಿದ್ದ ಕಾಲದಲ್ಲಿ ಆ ಒಂದು ಪಟ್ಟಿ ಹಸಿರಾಗಿತ್ತು. ಅದು ಮಿಲ್ಟ್ರಿಯಣ್ಣನ ಹೆಂಡತಿಯ ಮಣ್ಣಿನ ಗುಡ್ಡೆಯನ್ನು ಪೂರಾ ಮುಚ್ಚಿ ಅಲ್ಲಿಗೇ ನಿಂತಿತ್ತು. ಅವರು ಅದರ ಪಕ್ಕದಲ್ಲಿ ಕೂತಿದ್ದರು.

ಆಗ ನನಗೆ ಅರ್ಥವಾಯಿತು. ಮರಳುಗಾಡಿನಲ್ಲಿ ನೀರು ಕಾದವರಿಗೆ ಬೇಸಿಗೆಯ ಹಸಿರು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

"ಯಾವಾಗಿಂದ ಗೊತ್ತು ನಿಮಗೆ?" ಎಂದೆ.

"ಹನ್ನೊಂದರ ದಿನ ಎಡೆ ಇಡಾಕ್ ಬಂದಾಗ ಮಣ್ಣು ಅಸಿ ಇತ್ತು. ತಿಂಗ್ಳಿಗೆ ಗರಿಕೆ ಬಂತು."

"ಅವತ್ತೇ ಹೇಳಿದ್ದರೆ ಅರ್ಧ ನೀರಾದರೂ ಉಳೀತಿತ್ತು. ಹದಿನೆಂಟು ಮನೆ, ಅಣ್ಣ. ಯಾಕೆ ಬಾಯಿ ಬಿಡಲಿಲ್ಲ?"

ಅವರು ಗರಿಕೆಯ ಮೇಲೆ ಕೈಯಾಡಿಸಿದರು. "ಬಾಯ್ ಬಿಟ್ಟಿದ್ರೆ ಮುಚ್ಚುಸ್ಬುಡ್ತಿದ್ರಿ. ಅವತ್ತು ನಾನೇ ಕೊಡ್ನಿಲ್ಲ ಇವ್ಳಿಗೆ. ನೀರು ಅದಾಗೇ ಇವ್ಳ್ತಾವ ಬರ್ತಿತ್ತು ಅಮ್ಮಾವ್ರೆ, ಅದಾಗೇ. ಎಂಗ್ ತಡೀಲಿ?"

ನಾನು ಏನೋ ಕಟುವಾಗಿ ಹೇಳಿದೆ. ಏನೆಂದು ನೆನಪಿದೆ, ಬರೆಯಲಾರೆ. ಆಮೇಲೆ ನನ್ನ ಕಿವಿಯಲ್ಲೇ ಆ ಸುತ್ತಿಗೆಯ ಮುದುಡಿದ ಸದ್ದು ಕೇಳಿಸಿತು, ಮತ್ತು ಮಾತಾಡುವ ಹಕ್ಕು ನನಗೆಷ್ಟಿದೆ ಎಂದು ತಿಳಿಯಿತು. ಅವರ ಪಕ್ಕದಲ್ಲೇ ಕೂತೆ. ಆಕೆಯ ಉಗುರುಗಳು ನೆನಪಾಗಿ ಅತ್ತೆ.

ವರದಿಯಲ್ಲಿ, ನನ್ನ ಅವಸರದಿಂದ ತಳದ ಪದರದಲ್ಲಿ ಸೋರಿಕೆಯಾಯಿತೆಂದು ಬರೆದುಕೊಟ್ಟೆ. ಹಟ್ಟಿಯವರಿಗೂ ಅಷ್ಟೇ ಹೇಳಿದೆ. ಗರಿಕೆಯ ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಆ ಬೇಸಿಗೆ ಹೇಗೆ ಕಳೆಯಿತೆಂದರೆ, ಸಿಕ್ಕಿದ ಗಾಡಿಯಲ್ಲಿ ಪೀಪಾಯಿ ಹೇರಿಕೊಂಡು ಬೇರೆ ಊರುಗಳ ಬಾವಿಗೆ ಅಲೆದೆವು. ಬಸುರಿಯರಲ್ಲಿ ಇಬ್ಬರು ಹೆತ್ತು ಸುಖವಾಗಿದ್ದರು. ಮೂರನೆಯವಳ ಮಗು ಉಳಿಯಲಿಲ್ಲ. ನೀರಿಲ್ಲದ್ದಕ್ಕೇ ಹಾಗಾಯಿತೆಂದು ಸೂಲಗಿತ್ತಿ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಜನರ ಕೈಯಲ್ಲಿ ಮತ್ತೆ ಉಳಿ ಹಿಡಿಸುವುದು ಕಷ್ಟವಾಯಿತು. ಮೊದಲು ಇಳಿದದ್ದು ಮಿಲ್ಟ್ರಿಯಣ್ಣ. ಗಾರೆ ಕೆತ್ತಿ ತೆಗೆದಾಗ ಪೂರ್ವದ ಮೂಲೆಯಲ್ಲಿ ಕೆಮ್ಮಣ್ಣಿನ ಗೆರೆ ಹಾಗೆಯೇ ಇತ್ತು, ಬಣ್ಣ ಕೂಡ ಮಾಸಿರಲಿಲ್ಲ. ಅವರು ಅದರ ಗುಂಟ ಬೆರಳಾಡಿಸಿದರು. ಆಮೇಲೆ ಗೆರೆಯ ಒಳಗಿನ ಕಲ್ಲನ್ನು ಮಾತ್ರ, ಬೆಂಕಿಯಿಲ್ಲದೆ, ಉಳಿಯಿಂದಲೇ ಚೂರುಚೂರಾಗಿ ಎತ್ತಿದರು. ಗೇಣಿಗೊಂದು ಪೆಟ್ಟು ಹಾಕಿ ಕೇಳುವ ಕೆಲಸ ನನ್ನದಾಯಿತು. ಗೆರೆಯ ಆಚೆ ಎಲ್ಲೂ ಟೊಳ್ಳಿರಲಿಲ್ಲ. ಆಕೆ ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ. ಕೊನೆಗೆ ಸುತ್ತಲೂ ಕಂಚಿನ ಸದ್ದು ಬಂದ ಮೇಲೆ ಗಾರೆ ಹಾಕಿದೆವು.

ಆ ವರ್ಷವೂ ಚಿತ್ತೆ ಮಳೆಗೆ ತೊಟ್ಟಿ ತುಂಬಿತು. ಈ ಸಲ ನಾನು ವಾರಕ್ಕೊಮ್ಮೆ ತಪ್ಪದೆ ಗಳ ಇಳಿಸುತ್ತಿದ್ದೆ. ಕಾರ್ತಿಕ ಕಳೆಯಿತು, ಮಾರ್ಗಶಿರ ಕಳೆಯಿತು, ಮಟ್ಟ ಕದಲಲಿಲ್ಲ. ಆದರೂ ನಂಬಿಕೆ ಬರಲೊಲ್ಲದು, ಗಳ ಸುಳ್ಳು ಹೇಳುತ್ತಿದೆಯೇನೋ ಎನಿಸುತ್ತಿತ್ತು. ಪುಷ್ಯದ ಒಂದು ಬೆಳಿಗ್ಗೆ, ವರ್ಷದ ತಿಥಿ ಮುಗಿಸಿಕೊಂಡು ಮಿಲ್ಟ್ರಿಯಣ್ಣ ಬಂಡೆಯ ಬುಡದಿಂದ ಹತ್ತಿ ಬಂದರು. ನಾನು ಮುಚ್ಚಳದ ಪಕ್ಕ ಗಳ ಹಿಡಿದು ನಿಂತಿದ್ದೆ. ಅವರ ಅಂಗೈಯಲ್ಲಿ ಒಂದು ಹಿಡಿ ಗರಿಕೆ ಇತ್ತು, ಮುಟ್ಟಿದರೆ ಪುಡಿಯಾಗುವಂಥದ್ದು.

"ಗಳ ಬ್ಯಾಡಿ ಅಮ್ಮಾವ್ರೆ, ಬೀಗ ಆಕಿ," ಎಂದರು. "ಒಣಗೈತೆ."